ಹಳೆಯ ಲ್ಯಾಪ್‌ಟಾಪಿನ ರೋಗನಿದಾನ

ಶ್ರೀಮಠದ ಆಶ್ರಯದಲ್ಲಿ ನಡೆಯುತ್ತಿರುವ ನಮ್ಮ ಶಾಲೆಯ ಗಣಕ ಕೊಠಡಿಯಲ್ಲಿರುವ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಹೊಸದಾಗಿ ಕೊಂಡುತಂದವಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳೂ ಶಾಲೆಯ ಹಿತೈಷಿಗಳೂ ತಾವು ಐದಾರು ವರ್ಷ ಬಳಸಿದ ಯಂತ್ರಗಳನ್ನು ದಾಸೋಹ ಭಾವದಿಂದ ಒಪ್ಪಿಸಿದ್ದಾರೆ. ಹೀಗೆ ಬಂದ ಯಂತ್ರವು ಸಾದಲಿಯ ಬಿಸಿಲು, ಧೂಳು, ಏರಿಳಿಯುವ ವಿದ್ಯುತ್ತು ಇವುಗಳ ನಡುವೆ ಮತ್ತೆ ಐದಾರು ವರ್ಷ ಬಾಳಬೇಕಾಗಿದೆ. ಇಂಥ ಯಂತ್ರಗಳಿಗೆ ಬರುವ ಕಾಯಿಲೆಗಳನ್ನು ಗುರುತಿಸುವ ಕ್ರಮವನ್ನು, ಗಣಕಶಾಸ್ತ್ರ ಓದದ ಅಧ್ಯಾಪಕರಿಗೂ ತಿಳಿಯುವಂತೆ, ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಇದನ್ನು ಬರೆಯಲು ಒಂದು ಕಾರಣವುಂಟು. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರವೇ ಕಚೇರಿಯ ಲ್ಯಾಪ್‌ಟಾಪು ಕೆಲಸ ನಿಲ್ಲಿಸಿತು. ದೀಪ ಹೊತ್ತುತ್ತಿತ್ತು, ಒಳಗಿನ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಪರದೆ ಮಾತ್ರ ಕಪ್ಪು. ಹಳೆಯ ದಾಖಲಾತಿ ಪುಸ್ತಕಗಳಿಂದ ಬೆರಳಚ್ಚು ಮಾಡಿದ ಹೆಸರುಗಳ ಪಟ್ಟಿಯೂ, ನಿವೃತ್ತ ಅಧ್ಯಾಪಕರು ತಮ್ಮ ಬಾಯಿಂದ ಹೇಳಿ ಬರೆಸಿದ್ದ ನೆನಪುಗಳೂ ಅದರಲ್ಲಿದ್ದವು. ಹಾಗೆ ಹೇಳಿ ಬರೆಸಿದವರಲ್ಲಿ ಒಬ್ಬರು ಅಷ್ಟರಲ್ಲಿ ಲಿಂಗೈಕ್ಯರಾಗಿದ್ದರು. ಬೇರೆಲ್ಲಿಯೂ ಪ್ರತಿ ಇರಲಿಲ್ಲ. ಆ ತಪ್ಪು ನಮ್ಮದೇ. ತೋರಿಸಿದ ದುರಸ್ತಿ ಅಂಗಡಿಯಲ್ಲಿ, ಮದರ್‌ಬೋರ್ಡು ಹೋಗಿದೆ, ಹೊಸ ಯಂತ್ರ ಕೊಳ್ಳುವುದೇ ಲೇಸು ಎಂದರು. ಹಣದ ಮಾತು ಹಾಗಿರಲಿ, ಆ ಬರಹಗಳ ಗತಿಯೇನೆಂದು ನಾವು ಕಂಗೆಟ್ಟೆವು.

ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ. ಕಣ್ಣಿಗೆ ಕಂಡು ಕೈಗೆ ಸಿಗುವ ಭಾಗಗಳೆಲ್ಲ ಯಂತ್ರಾಂಶ. ಅವುಗಳನ್ನು ನಡೆಸುವ ಆದೇಶಗಳ ಸಮೂಹ ತಂತ್ರಾಂಶ. ನಾವು ಬರೆದಿಟ್ಟ ಕಡತಗಳು ಈ ಎರಡೂ ಅಲ್ಲದ ಮೂರನೆಯ ವಸ್ತು. ಅವು ಹಾರ್ಡ್ ಡಿಸ್ಕ್ ಎಂಬ, ಅಂಗೈಯಲ್ಲಿ ಹಿಡಿಯುವ ಪೆಟ್ಟಿಗೆಯಲ್ಲಿರುತ್ತವೆ. ಯಂತ್ರದ ಉಳಿದ ಭಾಗವೆಲ್ಲ ಸತ್ತರೂ ಆ ಪೆಟ್ಟಿಗೆಯನ್ನು ಬಿಚ್ಚಿ, ಕಡಿಮೆ ಬೆಲೆಯ ಯುಎಸ್‌ಬಿ ಕವಚದಲ್ಲಿಟ್ಟು, ಬೇರೆ ಗಣಕಕ್ಕೆ ಜೋಡಿಸಿ ಕಡತಗಳನ್ನು ಹೊರತೆಗೆಯಬಹುದು. (ಕಡತಗಳಿಗೆ ಗೂಢಲಿಪಿಯ ಬೀಗ ಹಾಕಿದ್ದರೆ ಅದರ ಕೀಲಿಸಂಖ್ಯೆಯೂ ಬೇಕು.) ಆದ್ದರಿಂದ ದುರಸ್ತಿಗೆ ಮುನ್ನ ಕೇಳಬೇಕಾದ ಪ್ರಶ್ನೆ, ಬರಹ ಕ್ಷೇಮವೇ ಎಂಬುದು. ಈ ವಿಷಯ ಅಂದು ನಮಗೆ ತಿಳಿದಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ.

ಇನ್ನು ನಿದಾನದ ಕ್ರಮ. ಯಂತ್ರವು ಸಂಪೂರ್ಣ ನಿಶ್ಚೇಷ್ಟವಾಗಿದ್ದರೆ ದೋಷವನ್ನು ಗೋಡೆಯಿಂದ ಹುಡುಕುತ್ತ ಬರಬೇಕು. ಅದೇ ಸಾಕೆಟ್ಟಿಗೆ ಮೇಜುದೀಪ ಸಿಕ್ಕಿಸಿ ವಿದ್ಯುತ್ತು ಉಂಟೇ ಎಂದು ನೋಡುವುದು. ಬಳಿಕ ಚಾರ್ಜರು. ಅದು 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಬಹುತೇಕ ಹಳೆಯ ಲ್ಯಾಪ್‌ಟಾಪುಗಳಲ್ಲಿ ಸುಮಾರು 19 ವೋಲ್ಟಿನ ನೇರ ವಿದ್ಯುತ್ತಾಗಿ ಮಾರ್ಪಡಿಸಿ ಕೊಡುತ್ತದೆ. ಬದಲಿ ಚಾರ್ಜರು ಹಾಕುವಾಗ ವೋಲ್ಟಿನ ಸಂಖ್ಯೆ ಸರಿಸಮವಾಗಿರಬೇಕು. ಆಂಪೇರ್ ಸಂಖ್ಯೆ ಹೆಚ್ಚಿದ್ದರೆ ಬಾಧಕವಿಲ್ಲ, ಕಡಿಮೆ ಇರಕೂಡದು. ಪಿನ್ನು ಹೊಂದಿತೆಂಬ ಒಂದೇ ಕಾರಣಕ್ಕೆ ಯಾವುದೋ ಚಾರ್ಜರು ಸಿಕ್ಕಿಸಿ ಸುಟ್ಟುಕೊಂಡ ಯಂತ್ರಗಳು ಕಡಿಮೆಯಿಲ್ಲ. ಚಾರ್ಜರೂ ಸರಿಯಿದ್ದರೆ, ಅದನ್ನು ಕಳಚಿ, ಬ್ಯಾಟರಿ ತೆಗೆಯಲು ಬರುವಂತಿದ್ದರೆ ಅದನ್ನೂ ತೆಗೆದು, ಆರಂಭದ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುದಾವೇಶ ಇದರಿಂದ ಬರಿದಾಗುತ್ತದೆ. ಅನಂತರ ಚಾರ್ಜರೊಂದನ್ನೇ ಜೋಡಿಸಿ ಹಚ್ಚಿದಾಗ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಿದ್ದರೆ ಮಾತ್ರ ಪರೀಕ್ಷೆಗೆ ಇಳಿಯದೆ, ಒತ್ತದೆ, ಚುಚ್ಚದೆ, ಮಕ್ಕಳ ಕೈಗೆಟುಕದಂತೆ ಬೇರೆ ಇರಿಸಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿದರೆ ಆರಿಸುವುದು ಸುಲಭವಲ್ಲ.

ಪಂಪ್‌ಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ಬರುವಾಗಲೂ ಹೋಗುವಾಗಲೂ ವೋಲ್ಟೇಜು ಹೇಗೆ ತೂಗಾಡುತ್ತದೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಗಣಕ ಕೊಠಡಿಗೆ ಸರಿಯಾದ ಭೂಸಂಪರ್ಕವೂ ಒಂದು ಸ್ಟೆಬಿಲೈಸರೂ ಇರುವುದು ನಾಲ್ಕು ಹೊಸ ಚಾರ್ಜರು ಕೊಳ್ಳುವುದಕ್ಕಿಂತ ಮೇಲು.

ದೀಪ ಹೊತ್ತಿ ಪರದೆ ಕಪ್ಪಾಗಿದ್ದರೆ ಹಾದಿ ಬೇರೆ. ಹೊರಗಿನ ಮಾನಿಟರನ್ನೋ ಪ್ರೊಜೆಕ್ಟರನ್ನೋ ಜೋಡಿಸಿ ನೋಡಬೇಕು. ಅಲ್ಲಿ ಚಿತ್ರ ಮೂಡಿದರೆ ಯಂತ್ರ ಕ್ಷೇಮ, ಪರದೆಗೋ ಅದರ ತಂತಿಗೋ ಮಾತ್ರ ರೋಗ. ಕತ್ತಲೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದಾಗ ಪರದೆಯ ಮೇಲೆ ಮಸುಕಾದ ಚಿತ್ರ ಕಂಡರೆ ಹಿಂಬದಿಯ ಬೆಳಕು ಹೋಗಿದೆಯೆಂದು ತಿಳಿಯಬೇಕು. ಎರಡೂ ಕಡೆ ಏನೂ ಕಾಣದಿದ್ದರೆ ಸಂಶಯ ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯ ಪಟ್ಟಿಯ ಮೇಲೆ. ಬೆರಳುದ್ದದ ಈ ಪಟ್ಟಿಯ ಅಂಚಿನ ಹೊಂಬಣ್ಣದ ಹಲ್ಲುಗಳು ಧೂಳು ತೇವಗಳಿಂದ ಮಂಕಾಗಿ ಸಂಪರ್ಕ ತಪ್ಪುತ್ತದೆ. ಚಾರ್ಜರು ಬ್ಯಾಟರಿಗಳನ್ನು ತೆಗೆದು, ಮೈಯ ಸ್ಥಿರವಿದ್ಯುತ್ತು ಇಳಿಯಲು ಭೂಸಂಪರ್ಕವಿರುವ ಲೋಹವೊಂದನ್ನು ಮುಟ್ಟಿ, ಪಟ್ಟಿಯನ್ನು ಕಿತ್ತು, ಆ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ, ಮತ್ತೆ ಕಟ್ಟೆಂದು ಕೂರುವಂತೆ ಸಿಕ್ಕಿಸಬೇಕು. ನಮ್ಮ ಕಚೇರಿಯ ಯಂತ್ರಕ್ಕೆ ಆಗಿದ್ದುದು ಇಷ್ಟೇ. ಮದರ್‌ಬೋರ್ಡು ಹೋಗಿದೆ ಎನಿಸಿಕೊಂಡಿದ್ದ ಅದು ಆ ಸಂಜೆಯೇ ಕಣ್ಣು ತೆರೆಯಿತು. ಖರ್ಚಾದುದು ಒಂದು ರಬ್ಬರಿನ ಮೂಲೆ.

ಬೇಸಿಗೆಯಲ್ಲಿ ಅರ್ಧ ಗಂಟೆ ನಡೆದು ತಾನಾಗಿಯೇ ಆರಿಹೋಗುವ ಯಂತ್ರಕ್ಕೆ ಧೂಳೇ ಶತ್ರು. ಒಳಗಿನ ಸಂಸ್ಕಾರಕದ ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇನ್ನೂ ಏರಿದರೆ ಆರಿಹೋಗುತ್ತದೆ. ತಳದ ಮುಚ್ಚಳ ತೆಗೆದು, ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ತಡೆದು, ಕುಂಚದಿಂದಲೋ ಊದುವ ಯಂತ್ರದಿಂದಲೋ ಧೂಳನ್ನು ತೆಗೆಯಬೇಕು. ಸಂಸ್ಕಾರಕಕ್ಕೆ ಹಚ್ಚಿದ ಲೇಪ ಒಣಗಿ ಬಿರುಕು ಬಿಟ್ಟಿದ್ದರೆ ಬಲ್ಲವರಿಂದ ಹೊಸ ಲೇಪ ಹಾಕಿಸುವುದು. ನಮ್ಮ ತಾಲ್ಲೂಕಿಗೆ ವಿಶೇಷವಾಗಿ ಹೇಳಬೇಕಾದ ಒಂದು ಮಾತು: ಹುಳು ಸಾಕುವ ಮನೆಗೆ ಬ್ಲೀಚಿಂಗ್ ಪುಡಿ ಹಾಕಿ ಶುದ್ಧಿ ಮಾಡುವ ದಿನ ಲ್ಯಾಪ್‌ಟಾಪು ಅಲ್ಲಿರಕೂಡದು. ಅದರಿಂದೇಳುವ ಕ್ಲೋರಿನ್ ತಾಮ್ರದ ಸೂಕ್ಷ್ಮ ತಂತಿಗಳನ್ನು ತಿನ್ನುತ್ತದೆ.

ಯಂತ್ರ ನಡೆಯುತ್ತದೆ, ಆದರೆ ಬಹಳ ನಿಧಾನ ಎಂಬುದು ಎಲ್ಲರ ದೂರು. ಇಲ್ಲಿ ಆತುರ ಸಲ್ಲದು. ನಿದಾನಕ್ಕೂ ನಿಧಾನ ಬೇಕು. ರಜೆಯಲ್ಲಿ ಎರಡು ತಿಂಗಳು ಮುಚ್ಚಿಟ್ಟಿದ್ದ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿದೊಡನೆ ಅದು ಬಾಕಿಯುಳಿದ ಪರಿಷ್ಕರಣೆಗಳನ್ನೆಲ್ಲ ತರಿಸಿಕೊಳ್ಳತೊಡಗುತ್ತದೆ. ಗಂಟೆಗಟ್ಟಲೆ ಮಿಸುಕುವುದಿಲ್ಲ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಮಕ್ಕಳಿಗೆ ನಾನು ಇದನ್ನು ಹೇಳುವ ರೀತಿಯೇ ಬೇರೆ. ಜ್ವರಕ್ಕೆ ಕುಳಿತ ಹುಳು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಹೊಸಬರು ರೋಗವೆಂದು ಹೆದರಿ ಕೆದಕುತ್ತಾರೆ. ಬಲ್ಲವರು ಸೊಪ್ಪು ನಿಲ್ಲಿಸಿ, ಪೊರೆ ಕಳಚುವ ತನಕ ಸುಮ್ಮನೆ ಬಿಡುತ್ತಾರೆ. ಪರಿಷ್ಕರಣೆಗೆ ಕುಳಿತ ಗಣಕವೂ ಹಾಗೆಯೇ. ನಡುವೆ ಗುಂಡಿ ಒತ್ತಿ ಆರಿಸಿದರೆ ತಂತ್ರಾಂಶ ಅರೆಬರೆಯಾಗಿ ನಿಂತು, ಇಲ್ಲದ ರೋಗ ನಿಜವಾಗಿಯೇ ಅಂಟಿಕೊಳ್ಳಬಹುದು. ಮಕ್ಕಳಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ಅಧ್ಯಾಪಕರಿಗೆ ಎರಡು ಮೂರು ಸಲ ಹೇಳಬೇಕಾಯಿತು.

ಪರಿಷ್ಕರಣೆ ಮುಗಿದರೂ ಮಂದಗತಿ ಹೋಗದಿದ್ದರೆ ಡಿಸ್ಕಿನಲ್ಲಿ ತೆರಪು ಇದೆಯೇ, ಆರಂಭದಲ್ಲಿಯೇ ಎದ್ದು ಕೂರುವ ಅನಗತ್ಯ ತಂತ್ರಾಂಶಗಳೆಷ್ಟು ಎಂದು ನೋಡಬೇಕು. ಅಷ್ಟಾದ ಮೇಲೆ ದೋಷ ಬಹುತೇಕ ಹಾರ್ಡ್ ಡಿಸ್ಕಿನದೇ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನೊಳಗೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಗಳೂ, ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುವ ಓದುಸೂಜಿಯೂ ಇವೆ. ಟಕ್ ಟಕ್ ಸದ್ದು ಕೇಳಿಸಿತೆಂದರೆ ಆ ಕ್ಷಣವೇ ಕಡತಗಳಿಗೆ ಪ್ರತಿ ಮಾಡಿಕೊಳ್ಳಬೇಕು, ನಾಳೆ ಎನ್ನಬಾರದು. ಅದರ ಬದಲು ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿ ಹಾಕಿಸಿದರೆ ಹತ್ತು ವರ್ಷದ ಯಂತ್ರಕ್ಕೂ ಹೊಸ ಹುರುಪು ಬರುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಹಣ ವೆಚ್ಚ ಮಾಡುವುದಾದರೆ ಮೊದಲು ಇದಕ್ಕೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡು ಚಿಕ್ಕ ಕಾಯಿಲೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪ್ರತಿ ಸಲ ಹಚ್ಚಿದಾಗಲೂ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿ, ಅಂತರಜಾಲದ ಪುಟಗಳು ಸುರಕ್ಷಿತವಲ್ಲವೆಂದು ತೆರೆಯಲು ನಿರಾಕರಿಸಿದರೆ ಒಳಗಿನ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಮುಗಿದಿದೆ ಎಂದರ್ಥ. ಅದನ್ನು ಬದಲಿಸಿದರೆ ತೀರಿತು. ಪೆನ್ ಡ್ರೈವಿನಲ್ಲಿದ್ದ ಕಡತಗಳೆಲ್ಲ ಮಾಯವಾಗಿ ಬರಿಯ ಶಾರ್ಟ್‌ಕಟ್ ಚಿಹ್ನೆಗಳು ಉಳಿದಿದ್ದರೆ ಅದು ವೈರಸ್ಸಿನ ಆಟ. ಕಡತಗಳು ಸಾಮಾನ್ಯವಾಗಿ ಅಳಿದಿರುವುದಿಲ್ಲ, ಮರೆಯಾಗಿರುತ್ತವೆ. ಗಾಬರಿಯಿಂದ ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಮಾತ್ರ ನಿಜವಾಗಿ ಕಳೆದುಕೊಳ್ಳುತ್ತೇವೆ.

ನಮ್ಮ ಕಥೆ ಅಲ್ಲಿಗೆ ಮುಗಿದಿರಲಿಲ್ಲ. ಕಣ್ಣು ತೆರೆದ ಯಂತ್ರದಿಂದ ಕಡತಗಳನ್ನು ಇನ್ನೊಂದು ಗಣಕಕ್ಕೆ ಸಾಗಿಸಿ ತೆರೆದಾಗ, ಹಿರಿಯರ ನೆನಪುಗಳ ಜಾಗದಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡಿತು. ಕಡತ ಕೆಟ್ಟಿದೆಯೆಂದು ಎಲ್ಲರೂ ಭಾವಿಸಿದರು. ಕೆಟ್ಟಿರಲಿಲ್ಲ. ಕನ್ನಡ ಬಲ್ಲ ಪ್ರತಿಯೊಬ್ಬ ಅಧ್ಯಾಪಕರೂ ಈ ತೊಡಕಿನ ಮೂಲವನ್ನು ತಿಳಿದಿರಬೇಕು.

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಿಂದೆ ಬಳಕೆಯಲ್ಲಿದ್ದ ಕ್ರಮದಲ್ಲಿ ಒಂದು ಅಕ್ಷರಕ್ಕೆ ದೊರೆಯುತ್ತಿದ್ದ ಸ್ಥಾನಗಳು 256 ಮಾತ್ರ, ಅವೂ ಇಂಗ್ಲಿಷಿಗೆ ಮತ್ತು ಯೂರೋಪಿನ ಭಾಷೆಗಳಿಗೆ ಮೀಸಲಾಗಿದ್ದವು. ಕನ್ನಡದ ತಂತ್ರಜ್ಞರು ಜಾಣತನದಿಂದ ಅದೇ ಸ್ಥಾನಗಳಲ್ಲಿ ನಮ್ಮ ತಲೆಕಟ್ಟು, ಕೊಂಬು, ಒತ್ತು, ಅರ್ಕಾವತ್ತುಗಳ ತುಣುಕುಗಳನ್ನು ಕೂರಿಸಿದರು. 1998ರಲ್ಲಿ ಬಂದ ‘ಬರಹ’, ಬಳಿಕ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಈ ಬಗೆಯವು. ನಾಡಿನ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಕನ್ನಡ ನೆಲೆಯೂರಿದ್ದು ಇವುಗಳಿಂದ. ಆ ಉಪಕಾರ ದೊಡ್ಡದು. ಆದರೆ ಹೀಗೆ ಬರೆದ ಕಡತದಲ್ಲಿ ಯಂತ್ರದ ಲೆಕ್ಕಕ್ಕೆ ಇರುವುದು ಇಂಗ್ಲಿಷ್ ಅಕ್ಷರಗಳೇ. ಅವಕ್ಕೆ ಕನ್ನಡದ ವೇಷ ತೊಡಿಸುವ ಅಕ್ಷರಶೈಲಿ ಯಂತ್ರದಲ್ಲಿ ಇಲ್ಲದಿದ್ದರೆ ವೇಷ ಕಳಚಿ ಬೀಳುತ್ತದೆ. ಯೂನಿಕೋಡ್ ಕ್ರಮ ಹಾಗಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆಯಿತು. ಅಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಅದು ಜಗತ್ತಿನ ಯಾವ ಯಂತ್ರದಲ್ಲಿಯೂ ಬೇರೊಂದು ಭಾಷೆಯ ಅಕ್ಷರವಾಗದು.

ಆದುದರಿಂದ ಹಳೆಯ ಕಡತವನ್ನು ಬರೆದ ಅಕ್ಷರಶೈಲಿಯನ್ನು ಮೊದಲು ಹೊಸ ಯಂತ್ರಕ್ಕೆ ಹಾಕಿಕೊಳ್ಳಬೇಕು. ಓದಲು ಇಷ್ಟು ಸಾಕು. ಮುಂದೆ ಉಳಿಯಬೇಕಾದರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದು, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಕರಡು ತಿದ್ದಬೇಕು. ‘ಧರ್ಮ’, ‘ವರ್ಷ’ಗಳಂಥ ಅರ್ಕಾವತ್ತಿನ ಪದಗಳಲ್ಲಿ ತಪ್ಪು ನುಸುಳುತ್ತದೆ, ನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರುಗಳು ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ನಮ್ಮ ಹತ್ತನೆಯ ತರಗತಿಯ ಮಕ್ಕಳು ಹಿರಿಯರ ನೆನಪುಗಳನ್ನು ಹೀಗೆ ಮೂರು ಶನಿವಾರ ಕುಳಿತು ತಿದ್ದಿದರು. ಈಗ ಅವು ಮೂರು ಕಡೆ ಇವೆ: ಕಚೇರಿಯ ಯಂತ್ರದಲ್ಲಿ, ಬೀರುವಿನಲ್ಲಿಟ್ಟ ಬೇರೆ ಡಿಸ್ಕಿನಲ್ಲಿ, ಕಾಗದದ ಮೇಲೆ.

ಕೊನೆಗೆ ಕಾರ್ಯಾಚರಣ ವ್ಯವಸ್ಥೆಯ ಮಾತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು ಮತ್ತು ಸಂಸ್ಕಾರಕ ನಮ್ಮ ಹಳೆಯ ಯಂತ್ರಗಳಲ್ಲಿ ಹಲವಕ್ಕೆ ಇಲ್ಲ. ಇಷ್ಟರಿಂದ ಯಂತ್ರ ನಿರುಪಯುಕ್ತವಾಗದು. ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆ 4 ಜಿಬಿ ಸ್ಮೃತಿಯ ಯಂತ್ರದಲ್ಲಿಯೂ ಸುಗಮವಾಗಿ ನಡೆಯುತ್ತದೆ. ಅದರಲ್ಲಿ ಯೂನಿಕೋಡ್ ಕನ್ನಡವೂ ಕ-ಗ-ಪ ಕೀಲಿಮಣೆಯೂ ಇವೆ. ಕೇರಳದ ಸರ್ಕಾರಿ ಶಾಲೆಗಳು, ಅವುಗಳೊಡನೆ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ, ಬಹಳ ಕಾಲದಿಂದ ಇಂಥ ಸ್ವತಂತ್ರ ತಂತ್ರಾಂಶದಲ್ಲಿಯೇ ಪಾಠ ನಡೆಸುತ್ತಿವೆ. ನಮ್ಮಲ್ಲಿ ಮೊದಲ ವಾರ ಗೊಣಗಾಟ ಕೇಳಿತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ದಾನಿಗಳಲ್ಲಿ ಒಂದು ವಿನಂತಿ. ಯಂತ್ರ ಕೊಡುವಾಗ ಅದರ ಸ್ವಂತ ಚಾರ್ಜರನ್ನೂ ಕೊಡಿ. ನಿಮ್ಮ ಖಾತೆಯಿಂದ ಹೊರಬಂದು, ಆರಂಭದ ಗುಪ್ತಪದ ತೆಗೆದು, ಸ್ವಂತ ಕಡತಗಳನ್ನು ಅಳಿಸಿ ಕೊಡಿ. ಗುಪ್ತಪದ ತಿಳಿಯದೆ ಇಟ್ಟಿಗೆಯಂತೆ ಕುಳಿತ ಎರಡು ಒಳ್ಳೆಯ ಯಂತ್ರಗಳು ಇಂದಿಗೂ ನಮ್ಮ ಬೀರುವಿನಲ್ಲಿವೆ. ಇನ್ನೊಂದು ಹಳೆಯ ಯಂತ್ರಕ್ಕಿಂತ ಇರುವ ಯಂತ್ರಕ್ಕೊಂದು ಎಸ್‌ಎಸ್‌ಡಿ ಅಥವಾ ಹೊಸ ಬ್ಯಾಟರಿ ಎಷ್ಟೋ ಸಲ ಹೆಚ್ಚು ಉಪಕಾರಿ. ಯಾವ ಚಿಕಿತ್ಸೆಗೂ ಬಗ್ಗದ ಯಂತ್ರಗಳಿಂದ ರ್‍ಯಾಮ್, ಪರದೆ, ತಿರುಪುಗಳನ್ನು ತೆಗೆದಿರಿಸಿ, ಉಳಿದುದನ್ನು ಗುಜರಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಲು ಒಂದು ಪೆಟ್ಟಿಗೆಯಲ್ಲಿ ಕೂಡಿಡುತ್ತಿದ್ದೇವೆ. ಆ ಪೆಟ್ಟಿಗೆ ಗಣಕ ಕೊಠಡಿಯ ಬಾಗಿಲ ಪಕ್ಕದಲ್ಲಿದೆ. ಮನೆಯಲ್ಲಿ ಉಳಿದ ಹಳೆಯ ಚಾರ್ಜರು, ಬ್ಯಾಟರಿಗಳನ್ನೂ ಅಲ್ಲಿ ತಂದಿಡಬಹುದು. ಉಬ್ಬಿದ ಬ್ಯಾಟರಿಯನ್ನು ಮಾತ್ರ ಅದರಲ್ಲಿ ಹಾಕದೆ ಕಚೇರಿಗೆ ತಿಳಿಸಬೇಕು.