ರಕ್ತದ ಬಣ್ಣವೇ ಹಣೆಬರಹವಾದರೆ? 'ರೆಡ್ ಕ್ವೀನ್' ಓದಿಸಿಕೊಂಡು ಹೋಗುವುದೇಕೆ?

ಮೈಯಲ್ಲಿ ಹರಿಯುವ ರಕ್ತದ ಬಣ್ಣವೇ ಮನುಷ್ಯನ ಸ್ಥಾನಮಾನ ನಿರ್ಧರಿಸಿದರೆ ಹೇಗಿರುತ್ತದೆ? ಅಮೆರಿಕದ ಲೇಖಕಿ ವಿಕ್ಟೋರಿಯಾ ಅವೆಯಾರ್ಡ್ ಅವರ ಮೊದಲ ಕಾದಂಬರಿ 'ರೆಡ್ ಕ್ವೀನ್' (2015) ಕಟ್ಟಿಕೊಡುವುದು ಅಂಥದ್ದೇ ಲೋಕವನ್ನು.

ನೋರ್ಟಾ ಎಂಬ ಕಾಲ್ಪನಿಕ ದೇಶದಲ್ಲಿ ಬೆಳ್ಳಿ ರಕ್ತದವರಿಗೆ ಅತಿಮಾನುಷ ಶಕ್ತಿಗಳಿವೆ, ಆಳುವವರೂ ಅವರೇ. ಕೆಂಪು ರಕ್ತದವರ ಪಾಲಿಗೆ ಬರೀ ದುಡಿಮೆ. 18 ತುಂಬಿದರೂ ಕೆಲಸ ಸಿಗದಿದ್ದರೆ ಯುದ್ಧಕ್ಕೆ ಹೋಗಲೇಬೇಕು. ಜೇಬುಗಳ್ಳತನ ಮಾಡಿ ಮನೆಗೆ ನೆರವಾಗುವ 17ರ ಹುಡುಗಿ ಮೇರ್ ಬ್ಯಾರೋ ಕೆಂಪು ರಕ್ತದವಳು. ಆದರೆ ಅವಳಲ್ಲೂ ಮಿಂಚಿನ ಶಕ್ತಿ ಇರುವುದು ರಾಜಮನೆತನದ ಕಣ್ಣೆದುರೇ ಬಯಲಾಗುತ್ತದೆ. ಈ ಸತ್ಯ ಹೊರಬಿದ್ದರೆ ಸಿಂಹಾಸನವೇ ಅಲುಗಾಡೀತೆಂದು ರಾಜ-ರಾಣಿ ಅವಳನ್ನು ಬೆಳ್ಳಿ ಕುಲದ ಕಳೆದುಹೋದ ಮಗಳೆಂದು ಸಾರಿ, ಕಿರಿಯ ರಾಜಕುಮಾರ ಮೇವನ್ ಜತೆ ಮದುವೆ ಗೊತ್ತು ಮಾಡುತ್ತಾರೆ. ಅವಳ ಮನಸ್ಸೋ, ಅವನ ಅಣ್ಣ ಕ್ಯಾಲ್ ಕಡೆಗೂ ವಾಲುತ್ತದೆ. ಇದರ ನಡುವೆಯೇ ಬಂಡುಕೋರರಿಗೆ ಗುಟ್ಟಾಗಿ ನೆರವು ಬೇರೆ!

ಪ್ರೇಮ ಮತ್ತು ರೋಚಕತೆ ಇಲ್ಲಿ ಒಂದೇ ಎಳೆಯಲ್ಲಿ ಹೆಣೆದುಕೊಂಡಿವೆ. ಯಾರನ್ನು ಪ್ರೀತಿಸಲಿ ಎಂಬುದಕ್ಕಿಂತ ಯಾರನ್ನು ನಂಬಲಿ ಎಂಬುದೇ ಮೇರ್‌ಗೆ ದೊಡ್ಡ ಪ್ರಶ್ನೆ. ನಂಬಿಕೆ ತಪ್ಪಿದರೆ ಹೋಗುವುದು ಅವಳೊಬ್ಬಳ ಜೀವವಲ್ಲ. ಇನ್ನು ಹುಟ್ಟಿನಿಂದಲೇ ಮೇಲು-ಕೀಳು ತೀರ್ಮಾನಿಸುವ ಸಮಾಜ ನಮ್ಮ ಓದುಗರಿಗೆ ಬರೀ ಕಲ್ಪನೆ ಎನಿಸಲಾರದು. ಪುಟ ತಿರುಗಿಸುವ ಆತುರದ ಹಿಂದೆ ಈ ಕಸಿವಿಸಿಯೂ ಇದೆ.