ಸುತ್ತಿಗೆ ಹುಡುಕಹೋದಾಗ ಸಿಕ್ಕ ಭಂಡಾರ

ಕಳೆದುಹೋದದ್ದು ಒಂದು ಸುತ್ತಿಗೆ. ಇಂಗ್ಲೆಂಡಿನ ಸಫೋಕ್ ಸೀಮೆಯ ಹಾಕ್ಸನ್ ಎಂಬ ಹಳ್ಳಿಯಲ್ಲಿ ಗೇಣಿ ರೈತನೊಬ್ಬ ಅದನ್ನು ಹೊಲದಲ್ಲೆಲ್ಲೋ ಬೀಳಿಸಿಕೊಂಡಿದ್ದ. ಅವನ ಗೆಳೆಯ, ತೋಟದ ಕೆಲಸದಿಂದ ನಿವೃತ್ತನಾದವನು, ತನ್ನ ಲೋಹಶೋಧಕ ಹಿಡಿದು ಹುಡುಕಲು ಬಂದ. ಈ ಯಂತ್ರದ ತತ್ತ್ವ ಸರಳ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಅದು ನೆಲದಡಿಯ ಲೋಹದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಆ ಲೋಹ ಮರುಕ್ಷೇತ್ರವನ್ನು ಕಳಿಸಿದಾಗ ಯಂತ್ರ ಸದ್ದು ಮಾಡುತ್ತದೆ.

1992ರ ನವೆಂಬರ್ 16ರಂದು ಸದ್ದು ಬಂದಲ್ಲಿ ಅಗೆದರೆ ಬೆಳ್ಳಿಯ ಚಮಚ, ಚಿನ್ನದ ಒಡವೆ, ರಾಶಿ ನಾಣ್ಯ! ಎಲ್ಲವನ್ನೂ ಬಾಚಿ ಮನೆಗೊಯ್ಯಬಹುದಿತ್ತು. ಆತ ಕೆಲವನ್ನಷ್ಟೇ ಎತ್ತಿ ಕೈ ತಡೆದ. ಪೊಲೀಸರಿಗೂ ಜಮೀನಿನ ಒಡೆತನ ಹೊಂದಿದ್ದ ಕೌಂಟಿ ಕೌನ್ಸಿಲ್‌ಗೂ ಸುದ್ದಿ ಮುಟ್ಟಿತು. ಮರುದಿನವೇ ಪುರಾತತ್ತ್ವಜ್ಞರು ಗುಟ್ಟಾಗಿ ಉತ್ಖನನ ನಡೆಸಿದರು.

ಆ ಸಂಯಮದ ಬೆಲೆ ದೊಡ್ಡದು. ನಿಧಿಯನ್ನಿಟ್ಟಿದ್ದ ಓಕ್ ಮರದ ಪೆಟ್ಟಿಗೆ ಕೊಳೆತು ಮಣ್ಣಾಗಿತ್ತು. ಆದರೆ ಕೀಲು, ಬೀಗಗಳು ಉಳಿದಿದ್ದವು. ಯಾವ ವಸ್ತು ಎಲ್ಲಿತ್ತೆಂಬುದೂ ಮಣ್ಣಿನಲ್ಲಿ ಹಾಗೆಯೇ ಇತ್ತು. ಅದರಿಂದಲೇ ಪೆಟ್ಟಿಗೆ ತುಂಬಿದ ಕ್ರಮ ತಿಳಿಯಿತು. ಸರ್ರೆಯ ವಾನ್‌ಬರೋದಲ್ಲಿ 1980ರ ದಶಕದಲ್ಲಿ ಕದ್ದು ಅಗೆದವರು ನಾಣ್ಯಗಳ ಜೊತೆ ಇಂಥ ಮಾಹಿತಿಯನ್ನೂ ಹಾಳುಮಾಡಿದ್ದರು. ನಾಣ್ಯಕ್ಕಿಂತ ಇದೇ ದೊಡ್ಡ ನಷ್ಟ.

ಹಾಕ್ಸನ್‌ನಲ್ಲಿ ಸಿಕ್ಕ ನಾಣ್ಯಗಳು 14,800ಕ್ಕೂ ಹೆಚ್ಚು. ಜೊತೆಗೆ ಸುಮಾರು 200 ಒಡವೆ, ಪಾತ್ರೆಗಳು. ಕೊನೆಯ ನಾಣ್ಯಗಳು ಕ್ರಿ.ಶ. 407–408ರವು. ರೋಮನ್ನರ ಆಳ್ವಿಕೆ ಬ್ರಿಟನ್ನಿನಲ್ಲಿ ಕುಸಿಯುತ್ತಿದ್ದ ಕಾಲವದು. ಹೊಸ ನಾಣ್ಯ ಬರುವುದು ನಿಂತಿದ್ದರಿಂದ ಜನ ಬೆಳ್ಳಿ ನಾಣ್ಯಗಳ ಅಂಚನ್ನೇ ಕತ್ತರಿಸಿಕೊಳ್ಳುತ್ತಿದ್ದರು. ಆ ಕತ್ತರಿಯ ಗುರುತು ಇವುಗಳಲ್ಲೂ ಇದೆ.

ನಮಗೆ ಕುತೂಹಲ ಹುಟ್ಟಿಸುವುದು ನಾಲ್ಕು ಬೆಳ್ಳಿಯ ಮೆಣಸಿನ ಡಬ್ಬಿಗಳು. ಒಂದು ರಾಜಗಾಂಭೀರ್ಯದ ಮಹಿಳೆಯ ರೂಪದಲ್ಲಿದೆ. ತಳದ ಬಿಲ್ಲೆ ತಿರುಗಿಸಿದರೆ ಪುಡಿ ತುಂಬಲು, ಉದುರಿಸಲು, ಮುಚ್ಚಿಡಲು ಬೇರೆಬೇರೆ ಸ್ಥಾನಗಳು. ಆ ಕಾಲದ ಕರಿಮೆಣಸು ಹೋಗುತ್ತಿದ್ದುದು ಭಾರತದ ಮಲಬಾರ್ ತೀರದಿಂದ, ಹಡಗೇರಿ. ನಮ್ಮ ಕಡೆ ಸಾರಿಗೆ ಕುಟ್ಟಿ ಹಾಕುವ ವಸ್ತುವಿಗೆ ಅಲ್ಲಿ ಬೆಳ್ಳಿಯ ಮನೆ!

ಆಗಿನ ಕಾನೂನಿನ ಪ್ರಕಾರ ಹೂತವನಿಗೆ ಮರಳಿ ಬಂದು ತೆಗೆಯುವ ಇರಾದೆ ಇದ್ದಿರಬೇಕು. ಆಗಷ್ಟೇ ಅದು ಸರ್ಕಾರಕ್ಕೆ ಸೇರುವ ನಿಧಿ. ಹದಿನಾರು ಶತಮಾನದ ಹಿಂದಿನವನ ಮನಸ್ಸನ್ನು ಓದುವ ಈ ಕಸರತ್ತನ್ನು 1996ರ ಕಾಯಿದೆ ಬಹುಮಟ್ಟಿಗೆ ತಪ್ಪಿಸಿತು. ಹಾಕ್ಸನ್ ಭಂಡಾರ ನಿಧಿಯೆಂದೇ ತೀರ್ಮಾನವಾಗಿ 17.5 ಲಕ್ಷ ಪೌಂಡ್ ಇನಾಮು ಬಂತು. ಶೋಧಿಸಿದಾತ ಅದನ್ನು ರೈತ ಗೆಳೆಯನೊಡನೆ ಹಂಚಿಕೊಂಡ.

ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.