ಸೈಕಲ್ಲಿನ ಮೇಲೆ ನೀರು ಎಲ್ಲಿರಬೇಕು?

ಹೊಸಪೇಟೆಯನ್ನು ಬಿಟ್ಟರೆ ವಿಜಯನಗರ ಜಿಲ್ಲೆಯಲ್ಲಿ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹಡಗಲಿ, ಹರಪನಹಳ್ಳಿಗಳ ಪಡುವಣ ಅಂಚಿನಲ್ಲಿ ತುಂಗಭದ್ರೆ ಹರಿದರೂ ಒಳನಾಡೆಲ್ಲ ಮಳೆ ನಂಬಿದ ಬಯಲು. ಬೇಸಿಗೆಯಲ್ಲಿ ಬೋರು ಬತ್ತಿದಾಗ ಇಲ್ಲಿ ನೀರು ಸೈಕಲ್ಲಿನ ಮೇಲೆ ಮನೆಗೆ ಬರುತ್ತದೆ. ತರುವವರು ಕೊಡಗಳನ್ನು ಕ್ಯಾರಿಯರಿನ ಎರಡೂ ಬದಿಗೆ ಜೋಡಿಯಾಗಿ ಇಳಿಬಿಡುತ್ತಾರೆ. ಭಾರ ಕೆಳಗಿದ್ದು ಎರಡೂ ಕಡೆ ಸಮವಾದರೆ ಸೈಕಲ್ ಓಲಾಡುವುದಿಲ್ಲ. ದೂರ ತುಳಿಯುವವರು ಕಲಿಯಬೇಕಾದದ್ದೂ ಇದನ್ನೇ.

1 ಲೀಟರ್ ನೀರೆಂದರೆ 1 ಕಿಲೋ ಭಾರ. ಅದನ್ನು ಹ್ಯಾಂಡಲ್ಲಿಗೆ ನೇತುಹಾಕಿದರೆ ತಿರುವಿನಲ್ಲಿ ಮುಂದಿನ ಚಕ್ರ ಎಳೆಯುತ್ತದೆ. ಬೆನ್ನಿಗೆ ಹಾಕಿದರೆ ಕೊಳವೆಯಿಂದ ಹೀರುತ್ತಾ ಸಾಗಬಹುದು, ಆದರೆ ಬೆನ್ನು ಬೆವರಿ ಹೆಗಲು ಸೋಲುತ್ತದೆ. ನಮ್ಮ ಬಿಸಿಲಿಗೆ ಅದು ಒಗ್ಗದು ಎನ್ನುವುದು ನನ್ನ ಅಭಿಪ್ರಾಯ. ಪೆಡಲಿನ ಮೇಲ್ಗಡೆ, ಫ್ರೇಮಿನ ಓರೆ ಕೊಳವೆಗೆ ಹೋಲ್ಡರ್ ಬಿಗಿದು ಬಾಟಲಿ ಇಡುವುದೇ ಒಳ್ಳೆಯದು. ಬಗ್ಗಿ ಕೈಚಾಚಿದರೆ ಸಿಗುತ್ತದೆ. ಕೈಗೆ ಸಿಗದ ನೀರನ್ನು ಸವಾರ ಕುಡಿಯುವುದನ್ನು ಮುಂದೂಡುತ್ತಲೇ ಹೋಗುತ್ತಾನೆ, ದಣಿವು ಅಲ್ಲಿಂದಲೇ ಶುರು. ಹೆಚ್ಚುವರಿ ನೀರು ಕ್ಯಾರಿಯರಿನ ಎರಡು ಬದಿಯ ಚೀಲಗಳಲ್ಲಿರಲಿ.

ಇನ್ನು ನೀರು ಕಾಯುವ ಸಮಸ್ಯೆ. ಏಪ್ರಿಲ್ ಮಧ್ಯಾಹ್ನ ಪ್ಲಾಸ್ಟಿಕ್ ಬಾಟಲಿಯ ನೀರು ಬಾಯಿಗಿಡಲಾಗದಷ್ಟು ಬಿಸಿಯಾಗುತ್ತದೆ. ಬಾಟಲಿಗೆ ಹತ್ತಿಬಟ್ಟೆ ಸುತ್ತಿ, ಬಟ್ಟೆಯನ್ನು ಆಗಾಗ ತೋಯಿಸಿ. 1 ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖವೆಲ್ಲ ಬಾಟಲಿಯಿಂದಲೇ ಹೋದರೆ, ಬಟ್ಟೆಯಿಂದ 10 ಗ್ರಾಂ ಆರುವಷ್ಟರಲ್ಲಿ ಅರ್ಧ ಲೀಟರಿಗೂ ಮಿಕ್ಕ ನೀರು 10 ಡಿಗ್ರಿ ತಣ್ಣಗಾಗಬೇಕು. ಸುತ್ತಲಿನ ಗಾಳಿಯೂ ಬಿಸಿಲೂ ಒಂದಿಷ್ಟು ಶಾಖ ಕೊಡುವುದರಿಂದ ಅಷ್ಟು ಲಾಭ ಸಿಗದು. ಸಿಕ್ಕಷ್ಟೇ ಸಾಕು, ನೀರು ಗಂಟಲಿಗೆ ಹಿತವಾಗುತ್ತದೆ. ಮಣ್ಣಿನ ಮಡಕೆ ನೀರನ್ನು ತಂಪಿಡುವುದೂ ಹೀಗೆಯೇ. ಕರಾವಳಿಯ ಜಿಗುಟು ಗಾಳಿಯಲ್ಲಿ ಇದು ಅಷ್ಟಾಗಿ ನಡೆಯದು. ಕೊಟ್ಟೂರಿನ ಒಣಗಾಳಿಗೆ, ಅದರಲ್ಲೂ ಓಡುವ ಸೈಕಲ್ಲಿಗೆ, ಹೇಳಿ ಮಾಡಿಸಿದ ಉಪಾಯ.

ಬಿಸಿಲಲ್ಲಿ ತುಳಿಯುವ ದೇಹ ಗಂಟೆಗೆ ಅರ್ಧದಿಂದ 1 ಲೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು ಬೆವರು ಸುರಿಸುತ್ತದೆ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್. ಅಷ್ಟಕ್ಕೆ 750 ಮಿಲಿಲೀಟರಿನ ಎರಡು ಬಾಟಲಿ ಬೇಕೇ ಬೇಕು. ಒಮ್ಮೆಲೇ ಹೊಟ್ಟೆ ತುಂಬ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಿರಿ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಇಡೀ ದಿನ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿಯಬಹುದು. ಊರು ಸಿಕ್ಕಲ್ಲಿ ನಿಂತು ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಬಾಟಲಿಗೆ ಮಾತ್ರ ಮಜ್ಜಿಗೆ ತುಂಬಬೇಡಿ, ಬಿಸಿಲಿಗೆ ಹುಳಿಯೇರುತ್ತದೆ.

ಎಲ್ಲಿ ತುಂಬಿಸಿಕೊಳ್ಳಬೇಕು? ಕೂಡ್ಲಿಗಿ ಸುತ್ತಿನ ಹಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆ ಕೆಡುತ್ತವೆ; ಕುದಿಸಿದರೂ ಫ್ಲೋರೈಡ್ ಹೋಗದು. ದಾರಿಹೋಕನಿಗೆ ಒಂದು ದಿನದ ನೀರಿನಿಂದ ಆ ಭಯವಿಲ್ಲ, ಅಲ್ಲೇ ಬಾಳುವವರಿಗೆ ಇದೆ. ಶುದ್ಧ ನೀರಿನ ಘಟಕ ಕಂಡಲ್ಲಿ ಬಾಟಲಿ ಅರ್ಧವಿದ್ದರೂ ತುಂಬಿಸಿಕೊಳ್ಳಿ. ಕೊಟ್ಟೂರೇಶ್ವರನ ತೇರಿನ ದಿನಗಳಲ್ಲಾದರೆ ಪಾದಯಾತ್ರಿಗಳಿಗೆಂದು ಜನ ದಾರಿಯುದ್ದಕ್ಕೂ ನೀರು ಕೊಡುತ್ತಾರೆ. ಉಳಿದ ದಿನ ಮುಂದಿನ ಊರಿನ ತನಕ ಸಾಲುವಷ್ಟು ನಿಮ್ಮ ಸೈಕಲ್ಲಿನಲ್ಲೇ ಇರಬೇಕು.